ಎಡಗಣ್ಣಿನ ಒಂಬತ್ತು ದಿನ

ಭಾನುವಾರ, ಬೆಳಿಗ್ಗೆ

ನನ್ನ ಗುಬ್ಬಿಗೆ,

ಅಕ್ಕನ ಆಶೀರ್ವಾದ, ಜೊತೆಗೆ ಒಂದಿಷ್ಟು ಬೈಗುಳ. ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದೀಯ. ಕಾಗದವನ್ನು ಮಾತ್ರ ಓದದೆ ಇರಲಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ಬಲಗಣ್ಣು ತಿಳಿಯಾಗಿದೆ. ನಿನ್ನೆ ಅದೇ ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡು, ಹೆಂಗಸರ ಕೈಗಡಿಯಾರದ ಸ್ಕ್ರೂ ಕೂರಿಸಿದೆ. ಸಾಸಿವೆಯ ಕಾಲು ಭಾಗವೂ ಇರಲಿಲ್ಲ ಅದು. ಮೂವತ್ತು ವರ್ಷ ನನಗೆ ಅನ್ನ ಹಾಕಿದ ಕಣ್ಣು, ಹೋಗೇಬಿಟ್ಟಿತು ಅಂದುಕೊಂಡಿದ್ದೆ.

"ನಾನೇ ಸೂಜಿ ಚುಚ್ಚಿ ಅಕ್ಕನ ಕಣ್ಣು ತೆಗೆದೆ" ಎಂದು ಅಳುತ್ತಿದ್ದೀಯಂತೆ. ಇನ್ನು ನರ್ಸ್ ಕೆಲಸವೇ ಬೇಡ ಎಂದು ಲಸಿಕೆ ಕೋಣೆಗೆ ರಜೆ ಹಾಕಿ ಕೂತಿದ್ದೀಯಂತೆ. ನಿನ್ನ ಯಜಮಾನರು ಹೇಳಿದರು. ಹಾಗಾದರೆ ನನ್ನ ತಪ್ಪನ್ನೂ ಕೇಳು.

ನಿನ್ನ ಕೈಯಿಂದ ತೋಳಿಗೆ ಲಸಿಕೆ ಚುಚ್ಚಿಸಿಕೊಂಡ ಐದನೇ ದಿನಕ್ಕೆ ಬಲಗಣ್ಣು ಕೆಂಡವಾಯಿತು, ಬೆಳಕು ಕಂಡರೆ ನೋವು. ನಾನೇನು ಮಾಡಿದೆ ಗೊತ್ತಾ? ಭೂತಕನ್ನಡಿಯನ್ನು ಎಡಗಣ್ಣಿಗೆ ಬದಲಿಸಿ ತೆಪ್ಪಗೆ ಕೆಲಸಕ್ಕೆ ಕೂತೆ. ನಿನಗೆ ಗೊತ್ತಾದರೆ ನೊಂದುಕೊಳ್ಳುತ್ತೀಯ ಎಂದು ಒಂಬತ್ತು ದಿನ! ಕೊನೆಗೆ ಮಬ್ಬು ಕವಿದಾಗ ಎದ್ದೆನೋ ಬಿದ್ದೆನೋ ಎಂದು ಓಡಿದೆ. ಕಣ್ಣಿನ ಡಾಕ್ಟರಮ್ಮ ಚೆನ್ನಾಗಿ ಬೈದರು. "ಏನಮ್ಮಾ, ಗಡಿಯಾರ ಕೆಟ್ರೆ ಬೇಗ ತನ್ನಿ ಅಂತ ಊರಿಗೆಲ್ಲ ಹೇಳ್ತೀರಿ, ಕಣ್ಣು ಕೆಟ್ರೆ ಮನೇಲಿಟ್ಕೊಂಡು ಕೂರ್ತೀರಾ?"

ಕಣ್ಣಿನೊಳಗೆ ಉರಿಯೂತ ಎಂದರು. ರಕ್ತಪರೀಕ್ಷೆಯಲ್ಲಿ ವಂಶದಿಂದ, ಹುಟ್ಟಿನಲ್ಲೇ ಬರುವ ಒಂದು ಗುರುತು ಸಿಕ್ಕಿತು. ಅಂಥವರಿಗೆ ಯಾವುದೋ ಸೋಂಕಿನಿಂದ, ಅಪರೂಪಕ್ಕೆ ಲಸಿಕೆಯಿಂದ, ಎಷ್ಟೋ ಸಲ ಏನೂ ಇಲ್ಲದೆಯೂ ಕಣ್ಣು ಕೆರಳಬಹುದಂತೆ; ಇಂಥದ್ದರಿಂದಲೇ ಎಂದು ಬೆರಳು ತೋರಿಸಲಾಗದಂತೆ. ಕೆಲವರಿಗೆ ಬೆನ್ನನ್ನೂ ಹಿಡಿಯುತ್ತದಂತೆ. ಅಪ್ಪನ ಬೆನ್ನುನೋವು, ಆಗಾಗ ಕೆಂಪಾಗುತ್ತಿದ್ದ ಕಣ್ಣು ನೆನಪಿದೆಯಾ? ಎಲ್ಲವನ್ನೂ, ಪಾಪ, ಅವರ ಹೊಲಿಗೆ ಮಿಷನ್ನಿನ ಮೇಲೆ ಹೊರಿಸಿದ್ದೆವು. ಅವರ ಮೂಗು ನಿನಗೆ ಬಂತು, ಇದು ನನಗೆ. ನಿನಗೂ ಬಂದಿರಬಹುದು, ಕಣ್ಣು ಕೆಂಪಾದರೆ ನನ್ನ ಹಾಗೆ ಮುಚ್ಚಿಡಬೇಡ.

ಹನಿ ಔಷಧಿಯಲ್ಲೇ ವಾಸಿಯಾಯಿತು. ಮುಂದಿನ ಡೋಸ್ ಹಾಕಿಸಿಕೊಳ್ಳಿ, ಅದಕ್ಕೆ ಮೊದಲೂ ಆಮೇಲೂ ಕಣ್ಣು ತೋರಿಸಿ ಎಂದಿದ್ದಾರೆ. ಮಂಗಳವಾರ ನಿನ್ನ ಲಸಿಕೆ ಕೋಣೆಗೆ ಬರುತ್ತೇನೆ. ನಾನು ತೋಳು ಚಾಚುವುದು ನಿನ್ನ ಮುಂದೆ ಮಾತ್ರ.

ಎರಡು ಕಣ್ಣಿನಲ್ಲೂ ನಿನ್ನ ದಾರಿ ಕಾಯುವ
ಅಕ್ಕ

ಮರೆತಿದ್ದೆ: ಹೋದ ಮಂಗಳವಾರವೂ ಬಂದಿದ್ದೆ. ಒಂದು ಗಂಟೆ ಸಾಲಿನಲ್ಲಿ ನಿಂತು ಒಳಗೆ ಹೋದರೆ ನಿನ್ನ ಕುರ್ಚಿಯಲ್ಲಿ ಬೇರೆ ಯಾರೋ ಹುಡುಗಿ. "ಬನ್ನಿ ಅಜ್ಜಿ" ಅಂದಳು. ಅಜ್ಜಿಯಂತೆ! ನೀರು ಕುಡಿದು ಬರ್ತೀನಿ ಎಂದು ಹೇಳಿ ಸೀದಾ ಮನೆಗೆ ಬಂದುಬಿಟ್ಟೆ.