ಓಡಿದ ಹಾಗೆಯೇ ಮನೆಗೆ

ಫೆಬ್ರವರಿ 20, ಮಂಗಳವಾರ

ಆರಕ್ಕೆ ಕಾಫಿ. ಮೊಣಕಾಲಿಗೆ ಮುಲಾಮು. ಮತ್ತೆ ಓಟದ ಕ್ಲಬ್ಬಿಗೆ ಕೊಡುವ ಅದೇ ಕಾಗದ. ಹನ್ನೊಂದನೇ ಸಲ ತಿದ್ದುತ್ತಿದ್ದೇನೆ. ಟೈಪ್ ಮಾಡಿಕೊಡುವುದು ಹೆಂಡತಿ ವೇಡಾ. ನಿನ್ನೆ ಕೈಮುಗಿದುಬಿಟ್ಟಳು. "ನನ್ನನ್ನ ಮದುವೆ ಆಗೋವಾಗ್ಲೂ ನೀನು ಇಷ್ಟು ಯೋಚ್ನೆ ಮಾಡ್ಲಿಲ್ಲ ಆರ್ವಿಲ್." ಮಾಡಿದ್ದರೆ ಆಗುತ್ತಲೇ ಇರಲಿಲ್ಲ ಅಂದೆ. ತಿಂಡಿ ನಾನೇ ಮಾಡಿಕೊಂಡೆ.

ವಿಷಯ ಇಷ್ಟೇ. ವೇಗದ ಓಟ ನಡೆಯುವ ಉಪ್ಪಿನ ಬಯಲಿನಲ್ಲಿ ಈಗ ಓಡುವುದೆಲ್ಲ ಟ್ರೈಲರ್ ಮೇಲೆ ಮಲಗಿ ಬರುವ ಗಾಡಿಗಳು. ಜನ್ಮದಲ್ಲಿ ರಸ್ತೆ ಕಂಡಿಲ್ಲ. ನಮ್ಮ ಕಾಲದಲ್ಲಿ ಕೆಲಸಕ್ಕೆ ಹೋಗುವ ಗಾಡಿಯಲ್ಲೇ ಬಯಲಿಗೆ ಹೋಗಿ, ಕಿವಿ ಕಿತ್ತುಹೋಗುವ ಹಾಗೆ ಓಡಿಸಿ, ಅದರಲ್ಲೇ ಮನೆಗೆ ಬರುತ್ತಿದ್ದೆವು. ಹಳೇ ಕಾರಿಗೆ ಜೋರು ಎಂಜಿನ್ ಕೂರಿಸಿದ ಅಂಥ ಹಾಟ್ ರಾಡ್‌ಗಳಿಗೆ ಓಟದಲ್ಲಿ ಹೊಸದೊಂದು ಕ್ಲಾಸು, ಅಂದರೆ ವಿಭಾಗ, ಬೇಕು. ನಂಬರ್ ಪ್ಲೇಟು, ಇನ್ಶೂರೆನ್ಸು, ವೈಪರು ಎಲ್ಲ ಇರಬೇಕು. ಗಂಟೆಗೆ ನೂರೈವತ್ತು ಮೈಲಿ ಮೀರಬಾರದು.

ನಾಲ್ಕನೇ ನಿಯಮಕ್ಕೆ ಬಂದರೆ ಕೈ ನಿಲ್ಲುತ್ತದೆ. 'ಸೀಟಿನ ಹಿಂದೆ ಪೈಪಿನ ಕಮಾನು ಒಂದೇ ಸಾಕು. ತಲೆಯ ಪಕ್ಕ ಪೈಪು ಇರಕೂಡದು.' ಬಯಲಿನಲ್ಲಿ ಗಾಡಿ ಮಗುಚಿದರೆ ಸುತ್ತ ಪೈಪಿನ ಪಂಜರ ಇದ್ದವನು ಬದುಕುತ್ತಾನೆ, ನಿಜ. ಅಲ್ಲಿ ಹೆಲ್ಮೆಟ್ ಇರುತ್ತದೆ, ಮೈಯೆಲ್ಲ ಬೆಲ್ಟಿನಲ್ಲಿ ಬಿಗಿದಿರುತ್ತದೆ. ರಸ್ತೆಯಲ್ಲಿ ಬರಿತಲೆ. ಗೆಳೆಯ ಲುಂಡೀನ್ ಪಂಜರ ಹಾಕಿದ ಗಾಡಿಯಲ್ಲೇ ಬೇಕರಿಯಿಂದ ಬ್ರೆಡ್ ತರುತ್ತಿದ್ದ. ಹಿಂದಿನಿಂದ ವ್ಯಾನೊಂದು ಮೆಲ್ಲಗೆ ತಾಗಿತು. ಗಾಡಿಗೆ ಗೀರೂ ಬೀಳಲಿಲ್ಲ. ತಲೆ ಪೈಪಿಗೆ ಹೊಡೆಯಿತು. ಹತ್ತೊಂಬತ್ತು ದಿನ ಆಸ್ಪತ್ರೆ. ಆಮೇಲೆ ಲುಂಡೀನ್ ಇಲ್ಲ.

ಆ ಪೈಪು ಬಗ್ಗಿಸಿಕೊಟ್ಟವನು ನಾನು.

ನಿಯಮದ ಪಕ್ಕದಲ್ಲಿ ಕಾರಣ ಬರೆಯುವ ಕಾಲಮ್ಮು ಇದೆ. ಖಾಲಿ ಬಿಟ್ಟಿದ್ದೇನೆ.

ಮಾರ್ಚ್ 15, ಗುರುವಾರ

ಕ್ಲಬ್ಬಿನ ಸಮಿತಿ ಸಭೆ ಮುಗಿಸಿ ಬಂದೆ. ಸೊಂಟ ಹಿಡಿದಿದೆ. ಅಧ್ಯಕ್ಷ ಸ್ಟೆನ್‌ಮಾರ್ಕ್ ಕಾಗದ ಓದಿ ಕನ್ನಡಕ ಕೆಳಗಿಟ್ಟ.

"ಅಲ್ಲಯ್ಯಾ ಆರ್ವಿಲ್, ವೇಗದ ಬಯಲಿಗೆ ಬಂದು ಇಷ್ಟಕ್ಕಿಂತ ಜೋರಾಗಿ ಓಡಿಸ್ಬೇಡಿ ಅಂತೀಯಲ್ಲ. ಈಜುಕೊಳಕ್ಕೆ ಬಂದವ್ರಿಗೆ ಮೈ ಒದ್ದೆ ಮಾಡ್ಕೋಬೇಡಿ ಅಂದಂಗಾಯ್ತು."

ಎಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಅವನೇ ಒಂದು ಒಳ್ಳೆ ಪ್ರಶ್ನೆ ಹಾಕಿದ. "ಜನ ಮೋಸ ಮಾಡ್ತಾರೆ. ಬಯಲಲ್ಲಿ ಒಂದು ಗಾಡಿ, ರಸ್ತೇಲಿ ಇನ್ನೊಂದು. ಅದಕ್ಕೇನು ಮಾಡ್ತೀಯ?" ಅಲ್ಲೇ ನಿಂತು ಏಳನೇ ನಿಯಮ ಬರೆದೆ. 'ಬಯಲಿನಲ್ಲಿ ಓಡಿದ ಹಾಗೆಯೇ ಗಾಡಿ ಮನೆ ಸೇರಬೇಕು. ನಡುವೆ ಏನನ್ನೂ ಬಿಚ್ಚುವಂತಿಲ್ಲ, ಕತ್ತರಿಸುವಂತಿಲ್ಲ. ಹಿಂದೆ ಸಹಾಯದ ಟ್ರಕ್ ಬರುವಂತಿಲ್ಲ. ಮನೆ ಮುಂದೆ ಮೈಲಿ ಮೀಟರಿನ ಫೋಟೊ.' ಚಪ್ಪಾಳೆ ಬಿತ್ತು. ಉಬ್ಬಿಹೋದೆ, ಸುಳ್ಳೇಕೆ.

ತೀರ್ಮಾನ: ಆಗಸ್ಟಿನಲ್ಲಿ ಪರೀಕ್ಷೆಗೆ ಒಂದೇ ಗಾಡಿ. ಓಡಿ, ಕ್ಷೇಮವಾಗಿ ಮನೆ ಸೇರಿದರೆ ಕ್ಲಾಸು ಪಾಸು. ಪಂಜರದ ವಿಚಾರ ಮಾತ್ರ ಓಟಕ್ಕೆ ಮುಂಚೆ ಗಾಡಿ ತಪಾಸಣೆ ಮಾಡುವವನ ವಿವೇಕಕ್ಕೆ. ಇಪ್ಪತ್ತೆರಡು ವರ್ಷದಿಂದ ತಪಾಸಣೆ ಮಾಡುತ್ತಿರುವವನು ನಾನೇ. "ಬರ್ದೋನೂ ನೀನೆ, ಪಾಸ್ ಸ್ಟಿಕ್ಕರ್ ಅಂಟ್ಸೋನೂ ನೀನೆ" ಅಂದ ಸ್ಟೆನ್‌ಮಾರ್ಕ್.

"ಓಡ್ಸೋರು ಯಾರು?" ಅಂತಲೂ ಅವನೇ ಕೇಳಿದ.

ಹಿಂದಿನ ಬೆಂಚಿನಿಂದ ಕೈ ಮೇಲೆ ಬಂತು. ನೊರೀನ್. ನನ್ನ ಮಗಳು. ನೀರು ಸರಬರಾಜು ಇಲಾಖೆಯಲ್ಲಿ ಪೈಪು ರಿಪೇರಿ ಮಾಡುತ್ತಾಳೆ. ಮೂವತ್ತಾರನೇ ಇಸವಿಯ, ಎರಡೇ ಬಾಗಿಲಿನ ಹಳೇ ಕೂಪ್‌ನಲ್ಲಿ ದಿನಾ ಕೆಲಸಕ್ಕೆ ಹೋಗುವವಳು ಈ ಕಡೆ ಅವಳೊಬ್ಬಳೇ. ಅವಳಲ್ಲದೆ ಇನ್ಯಾರು? ಆದರೂ ನಾನು ಯೋಚಿಸಿಯೇ ಇರಲಿಲ್ಲ. ಮೂರು ವರ್ಷ ಬರೆದೆ, ಸೀಟಿನಲ್ಲಿ ಯಾರನ್ನೂ ಕೂರಿಸಿ ನೋಡಿರಲಿಲ್ಲ.

ಜೂನ್ 3, ಭಾನುವಾರ

ಕೂಪ್‌ಗೆ ಕಮಾನು ಹಾಕಿದೆವು. ಒಂದೇ ಕಮಾನು, ನಿಯಮದ ಪ್ರಕಾರ. ಚೆನ್ನಾಗಿ ಕೂತಿದೆ. ನೊರೀನ್ ಸೀಟಿನಲ್ಲಿ ಕೂತು, "ಅಪ್ಪ, ಸಿಂಹಾಸನ ಕಣೋ ಇದು" ಅಂದಳು.

ಊಟ ಸೇರಲಿಲ್ಲ. ಭಯ. ಬರೆದೇಬಿಟ್ಟೆ. ಇರಲಿ.

ಆಗಸ್ಟ್ 11, ಶನಿವಾರ — ಉಪ್ಪಿನ ಬಯಲು

ನಾಲ್ಕುನೂರು ಮೈಲಿ ಟ್ರಕ್ಕಿನಲ್ಲಿ ನಾನು, ಕೂಪ್‌ನಲ್ಲಿ ಅವಳು. ನನಗಿಂತ ಎರಡು ಗಂಟೆ ತಡವಾಗಿ ಬಂದಳು. ಬಿಸಿಲಿಗೆ ಮೂಗು ಕೆಂಪು. ಜನ ಸುತ್ತ ನೆರೆದರು. ವೈಪರ್ ನೋಡಿ ಒಬ್ಬ, "ಮಳೆ ಬಂದ್ರೂ ಓಡಿಸ್ತೀಯಾ ತಾಯಿ?" ಅಂದ. "ಮಳೆ ಬಂದ್ರೆ ನಿಮ್ಮನ್ನೆಲ್ಲ ಕೂರಿಸ್ಕೊಂಡು ಊರಿಗೆ ಬಿಡ್ತೀನಿ" ಅಂದಳು.

ಟ್ರ್ಯಾಕ್ ನಡೆದು ನೋಡಿದೆ. ಉಪ್ಪು ಈ ವರ್ಷ ತೆಳು. ಎರಡನೇ ಮೈಲಿಯಲ್ಲಿ ಹಿಮ್ಮಡಿ ಇಳಿಯಿತು. ಅಡಿಯಲ್ಲಿ ಕೆಸರು. ಇನ್ನೂ ಎರಡು ಸಲ ನಡೆದೆ. ಕಾಲು ಇಳಿಯುವುದು ತಪ್ಪಲಿಲ್ಲ.

ಆಗಸ್ಟ್ 12, ಭಾನುವಾರ

ಹತ್ತೂಕಾಲಕ್ಕೆ ಒಂದು ತೆರೆದ ಗಾಡಿ ಎರಡನೇ ಮೈಲಿಯಲ್ಲೇ ಮಗುಚಿತು. ನಾಲ್ಕು ಪಲ್ಟಿ. ಎಣಿಸಿದೆ. ಬಿಳಿ ಧೂಳು ಇಳಿದ ಮೇಲೆ ಓಡಿಸುವವನು ಪಂಜರದೊಳಗಿನಿಂದ ತೆವಳಿ ಬಂದು, ನನ್ನ ಸ್ಯಾಂಡ್‌ವಿಚ್ ಯಾರು ತಿಂದಿರಿ ಅಂತ ಕೇಳಿದನಂತೆ. ಎಲ್ಲ ಅದನ್ನೇ ಹೇಳಿ ನಗುತ್ತಿದ್ದಾರೆ. ನನಗೆ ಕಂಡದ್ದು ಆ ಪಂಜರ. ಬಗ್ಗಿತ್ತು, ಮುರಿದಿರಲಿಲ್ಲ. ಒಂದೇ ಕಮಾನಾಗಿದ್ದರೆ?

ಎರಡು ಗಂಟೆಗೆ ನನ್ನ ಸಾಲಿಗೆ ಕೂಪ್ ಬಂತು. ಬೆಲ್ಟು ನೋಡಿದೆ, ಟೈರು ನೋಡಿದೆ, ಬೆಂಕಿ ಆರಿಸುವ ಸಿಲಿಂಡರ್ ನೋಡಿದೆ. ಸ್ಟಿಕ್ಕರ್ ಕೈಯಲ್ಲೇ ಇತ್ತು. ಅಂಟಿಸಲಿಲ್ಲ.

"ಪಂಜರ ಬೇಕು."

"ಏನು?"

"ಪಕ್ಕದ ಪೈಪು, ಮುಂದಿನ ಪೈಪು. ಪೂರ್ತಿ ಪಂಜರ."

"ನಾಲ್ಕನೇ ನಿಯಮ ಬರೆದವ್ರು ಯಾರಪ್ಪ? ಪಕ್ಕದ ಮನೆಯವ್ರಾ?"

"ಬೆಳಿಗ್ಗೆ ನೀನೂ ನೋಡ್ದೆ ತಾನೇ?"

"ನೋಡ್ದೆ. ಅವನು ಇನ್ನೂರ ಮೂವತ್ತರಲ್ಲಿದ್ದ. ನಾನು ನೂರನಲ್ವತ್ತು."

"ಪಂಜರ ಇಲ್ದೆ ಸ್ಟಿಕ್ಕರ್ ಇಲ್ಲ ನೊರೀನ್."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ದನಿ ತಗ್ಗಿಸಿ, "ನಿಂಗೆ ಹೆದ್ರಿಕೆನಾ ಅಪ್ಪ?" ಅಂದಳು. ಇಲ್ಲ ಅಂದೆ. "ಓಟಕ್ಕೆ ಮಾತ್ರ. ಮುಗಿದ ಮೇಲೆ ನಾನೇ ಕತ್ತರಿಸಿ ತೆಗೀತೀನಿ" ಅಂದೆ. ಏಳನೇ ನಿಯಮ ಆ ಗಳಿಗೆಯಲ್ಲಿ ತಲೆಯಲ್ಲೇ ಇರಲಿಲ್ಲ. ದೇವರಾಣೆ ಇರಲಿಲ್ಲ.

ಆಗಸ್ಟ್ 13, ಸೋಮವಾರ

ಪೈಪು ಒಬ್ಬರು ಕೊಟ್ಟರು. ಬಗ್ಗಿಸುವ ಯಂತ್ರ ಇನ್ನೊಬ್ಬರದು. ವೆಲ್ಡಿಂಗ್‌ಗೆ ನಾಲ್ಕು ಜನ ಪೈಪೋಟಿ. ಈ ಬಯಲಿನಲ್ಲಿ ಕೇಳಿದರೆ ಇಲ್ಲ ಅನ್ನುವವರಿಲ್ಲ. ಬಗ್ಗಿಸಿದ್ದು ನಾನು. ಬೇರೆಯವರಿಗೆ ಬಿಡಲಿಲ್ಲ. ಎಡಗಡೆ ಪೈಪು ಅವಳ ಕಿವಿಯಿಂದ ನಾಲ್ಕು ಬೆರಳು ದೂರ. ಕೂಪ್ ಚಿಕ್ಕದು, ಅದಕ್ಕಿಂತ ಜಾಗವಿಲ್ಲ.

ಪೈಪಿಗೆ ಮೆತ್ತೆ ಸುತ್ತಿದೆವು. ಲುಂಡೀನನ ಪೈಪಿಗೂ ಮೆತ್ತೆ ಇತ್ತು. ಅದು ಹೆಲ್ಮೆಟ್ಟಿಗೆ ಅಂತ ಮಾಡಿದ ಮೆತ್ತೆ, ಬರಿತಲೆಗೆ ಕಲ್ಲೇ.

ಸ್ಟಿಕ್ಕರ್ ಅಂಟಿಸಿದೆ.

ಆಗಸ್ಟ್ 14, ಮಂಗಳವಾರ

ನೂರನಲ್ವತ್ತೊಂದು!

ದಾರ ಹಿಡಿದ ಹಾಗೆ ನೇರ ಹೋದಳು. ಎರಡನೇ ಮೈಲಿಯಲ್ಲಿ ಹಿಂಭಾಗ ಒಂದು ಸಲ ಅಲ್ಲಾಡಿತು. ಆಮೇಲೆ ಸರಿ. ವೇಡಾಗೆ ಫೋನ್ ಮಾಡಿ ಅತ್ತುಬಿಟ್ಟೆ. "ಮುಗೀತಲ್ಲ, ಮೂಗು ಒರೆಸ್ಕೋ" ಅಂದಳು.

ಮುಗಿಯಲಿಲ್ಲ. ಸಂಜೆ ಪೈಪು ಕತ್ತರಿಸಲು ಗ್ರೈಂಡರ್ ತಗೊಂಡು ಕೂಪ್ ಹತ್ತಿರ ಹೋದೆ. ನೊರೀನ್ ಬಾಗಿಲಿಗೆ ಅಡ್ಡ ನಿಂತಳು.

"ಏಳನೇ ನಿಯಮ ಅಪ್ಪ."

ಆಗ ನೆನಪಾಯಿತು.

"ಓಡಿದ ಹಾಗೇ ಮನೆಗೆ. ಏನೂ ಕತ್ತರಿಸೋ ಹಾಗಿಲ್ಲ. ಸ್ಟೆನ್‌ಮಾರ್ಕ್ ಪೈಪಿನ ಫೋಟೊ ಬೇರೆ ತಗೊಂಡಿದಾರೆ."

"ಹಾಳಾಗ್ಲಿ ಏಳನೇ ನಿಯಮ."

"ಮೂರು ವರ್ಷ ಊಟದ ಮೇಜಲ್ಲಿ ಇದೇ ಮಾತು. ಅಮ್ಮನ ತಲೆ ತಿಂದೆ, ನನ್ನ ತಲೆ ತಿಂದೆ. ಈಗ ಹಾಳಾಗ್ಲಾ?"

ಆಗ ಹೇಳಿದೆ. ಲುಂಡೀನ್, ಬೇಕರಿ, ಪೈಪು ಬಗ್ಗಿಸಿದವನು ಯಾರು, ಎಲ್ಲ. ಮೊದಲ ಸಲ ಬಾಯಿಬಿಟ್ಟದ್ದು. ಅವಳು ಉಪ್ಪಿನ ಮೇಲೆ ಕೂತುಬಿಟ್ಟಳು.

"ಇದನ್ನ ಕಾಗದದಲ್ಲಿ ಬರೆದಿದ್ರೆ ಯಾರೂ ನಗ್ತಿರ್ಲಿಲ್ಲ ಅಲ್ವಾ?"

ಗ್ರೈಂಡರ್ ಕೆಳಗಿಟ್ಟೆ.

"ಹೆಲ್ಮೆಟ್ ಹಾಕ್ಕೊಂಡೇ ಓಡಿಸ್ತೀನಿ. ಆಯ್ತಾ? ನಾನೂರೇ ಮೈಲಿ. ಮನೆ ಮುಂದೆ ಫೋಟೊ ತೆಗೆದ ತಕ್ಷಣ ಕತ್ತರಿಸು."

ಒಪ್ಪಿದೆ. ಯಾಕೆ ಒಪ್ಪಿದೆ? ಕ್ಲಾಸು ಪಾಸಾಗಬೇಕು ಅಂತ ನನಗೂ ಆಸೆ ಇತ್ತು. ಬರೆಯುವುದಾದರೆ ನಿಜ ಬರೆಯಬೇಕು. ಆಸೆ ಇತ್ತು.

ಆಗಸ್ಟ್ 16, ಗುರುವಾರ — ಮಧ್ಯಾಹ್ನ 1.20, ಮನೆ

ಬೆಳಿಗ್ಗೆ ಆರಕ್ಕೇ ಹೊರಟು ಬಂದೆ. ಅವಳ ಹಿಂದೆ ಬರುವಂತಿಲ್ಲವಲ್ಲ. ಅವಳು ಕಾಗದಪತ್ರ ಮುಗಿಸಿ ಹತ್ತೂವರೆಗೆ ಹೊರಡುತ್ತೇನೆ ಅಂದಿದ್ದಳು. ಏಳರೊಳಗೆ ಇಲ್ಲಿ. ಕಣಿವೆ ರಸ್ತೆಯಲ್ಲಿ ಲಾರಿ ಜಾಸ್ತಿ. ಒಂದೊಂದು ಕಡೆ ಎರಡೇ ಲೇನು.

2.40

ಟ್ರಕ್ ಇಳಿಸುತ್ತಿದ್ದೆ. ನೀಲಿ ಪೆಟ್ಟಿಗೆ ತೆಗೆದರೆ ಹೆಲ್ಮೆಟ್.

ನಾನೇ ತುಂಬಿದ್ದು. ಓಟ ಮುಗಿದರೆ ಕೈಗವಸು, ಬೂಟು, ಹೆಲ್ಮೆಟ್ ಎಲ್ಲ ಆ ಪೆಟ್ಟಿಗೆಗೆ. ಇಪ್ಪತ್ತೆರಡು ವರ್ಷದ ಅಭ್ಯಾಸ. ಕೈ ತಾನಾಗಿ ಮಾಡಿದೆ.

ಫೋನ್ ಮಾಡಿದೆ. ಎತ್ತಲಿಲ್ಲ. ಆರು ಸಲ. ಓಡಿಸುವಾಗ ಅವಳು ಎತ್ತುವುದಿಲ್ಲ, ಕಲಿಸಿದವನು ನಾನೇ.

4.15

ಅವಳೇ ಫೋನ್ ಮಾಡಿದಳು. ಕಣಿವೆ ದಾಟಿ ಪೆಟ್ರೋಲ್ ಹಾಕಿಸುತ್ತಿದ್ದಾಳಂತೆ.

"ನಿನ್ನ ಹತ್ರನೇ ಇದೆಯಾ? ಹೊರಡೋವಾಗ ಹುಡುಕಿ ಹುಡುಕಿ ಸಾಕಾಯ್ತು. ಒಳ್ಳೇದೇ ಆಯ್ತು ಬಿಡು. ಅದನ್ನ ಹಾಕ್ಕೊಂಡ್ರೆ ಪಕ್ಕದ ಕನ್ನಡಿ ಕಾಣ್ಸಲ್ಲ."

"ಅಲ್ಲೇ ಇರು. ನಾನು ತಗೊಂಡು ಬರ್ತೀನಿ."

"ಸಹಾಯದ ಟ್ರಕ್ ಬರೋ ಹಾಗಿಲ್ಲ ಸಾರ್."

"ನೊರೀನ್, ತಮಾಷೆ ಸಾಕು."

"ಮೆಲ್ಲಗೆ ಬರ್ತೀನಪ್ಪ. ಐವತ್ತೈದು ದಾಟಲ್ಲ. ಅಮ್ಮಂಗೆ ಜೋಳದ ತೆನೆ ಬೇಯಿಸೋಕೆ ಹೇಳು."

ವೇಡಾಗೆ ತೆನೆ ಅಷ್ಟೇ ಹೇಳಿದೆ. ಉಳಿದದ್ದು ಹೇಳಲಿಲ್ಲ.

5.55

ದಾರಿಯ ಊರು ಗ್ರೀನ್ ರಿವರ್‌ನಿಂದ ಫೋನ್. ಕರ್ಬೂಜ ತಿನ್ನುತ್ತಿದ್ದಾಳೆ. ಇನ್ನು ನೂರು ಮೈಲಿ, ಎಲ್ಲ ನೇರ ರಸ್ತೆ.

ಗೇಟಿನ ತನಕ ಹೋಗಿ ಬಂದೆ. ಮತ್ತೆ ಹೋದೆ. "ನೆಲ ಸವೆಯುತ್ತೆ, ಕೂತ್ಕೋ" ಅಂದಳು ವೇಡಾ. ಆಮೇಲೆ ನನ್ನ ಮುಖ ನೋಡಿ ಅವಳೂ ಗೇಟಿಗೆ ಬಂದು ನಿಂತಳು.

7.50

ಇಲ್ಲ. ಐವತ್ತೈದರಲ್ಲಿ ಬಂದರೆ ಎಂಟಾದೀತು. ಎಂಟು ಅಂದರೆ ಎಂಟು...

8.35

ಬಂದಳು. ಎಂಟೂ ಹತ್ತಕ್ಕೆ. ತಾನೇ ಓಡಿಸಿಕೊಂಡು, ತಾನೇ ಇಳಿದು. ವೇಡಾ ಓಡಿಹೋಗಿ ತಬ್ಬಿಕೊಂಡಳು.

ಎಡಗಿವಿಯ ಮೇಲೆ ಸ್ವಲ್ಪ ಊದಿದೆ. ಕೇಳಿದೆ. "ಸಿಸ್ಕೋ ಊರಿನ ಹತ್ರ ರಸ್ತೇಲಿ ಲಾರಿ ಟೈರಿನ ಚೂರು ಬಿದ್ದಿತ್ತು. ತಪ್ಪಿಸೋಕೆ ಹೋಗಿ ಅಂಚಿಗೆ ಇಳಿಸ್ದೆ, ಗಾಡಿ ಎತ್ತಿಹಾಕ್ತು. ತಲೆ ಟಪ್ ಅಂತು. ರಕ್ತ ಇಲ್ಲ, ಏನಿಲ್ಲ." ವೇಡಾ ಐಸ್ ಕಟ್ಟಿದಳು. ಆಸ್ಪತ್ರೆಗೆ ಹೋಗೋಣ ಅಂದೆ. "ಟಪ್ ಅಂದಿದ್ದಕ್ಕೆ ಆಸ್ಪತ್ರೆಗೆ ಹೋದ್ರೆ ಡಾಕ್ಟ್ರು ನಗ್ತಾರೆ" ಅಂತ ಮೈಲಿ ಮೀಟರಿನ ಫೋಟೊ ತೆಗೆದು ಕಳಿಸಿದಳು. ಎರಡೇ ನಿಮಿಷಕ್ಕೆ ಸ್ಟೆನ್‌ಮಾರ್ಕ್ ಫೋನ್.

"ಪಾಸು ಕಣಯ್ಯಾ! ಇಡೀ ಸಮಿತಿ ಇಲ್ಲೇ ಕೂತಿದೆ. ಒಂದೇ ಒಂದು ತಿದ್ದುಪಡಿ. ನಿನ್ನ ಮಗಳ ಗಾಡಿ ನೋಡಿ ಪಂಜರ ಎಲ್ಲರಿಗೂ ಕಡ್ಡಾಯ ಮಾಡಿದೀವಿ. ಮೂವತ್ತೊಂದು ಜನ ಆಗ್ಲೇ ಹೆಸರು ಕೊಟ್ಟಾಯ್ತು."

ಬೇಡ ಅನ್ನಬೇಕಿತ್ತು. ಅಲ್ಲೇ, ಆಗಲೇ. ಥ್ಯಾಂಕ್ಸ್ ಅಂದುಬಿಟ್ಟೆ. ನಾಳೆ ಬೆಳಿಗ್ಗೆ ಫೋನ್ ಮಾಡಿ ಎಲ್ಲ ಹೇಳುತ್ತೇನೆ. ಮೂವತ್ತೊಂದು ತಲೆ.

ಫೋನ್ ಇಟ್ಟಾಗ ನೊರೀನ್ ಬಾಗಿಲಲ್ಲಿ ನಿಂತಿದ್ದಳು. "ಅಪ್ಪ, ಮೀಟರಿನ ಫೋಟೊ ತೆಗೀಬೇಕಲ್ವಾ?" ತೆಗೆದು ಕಳಿಸಿದೆಯಲ್ಲಮ್ಮ ಅಂದೆ. "ಹೌದಲ್ವಾ" ಅಂತ ನಕ್ಕಳು. ನಾನೂ ನಕ್ಕೆ. ಸುಸ್ತು, ಅಷ್ಟು ದೂರ ಬಂದಿದ್ದಾಳೆ.

ಈಗ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದಾಳೆ. ನಾಳೆ ಹೇಳಬೇಕಾದ್ದು ಮರೆಯಬಾರದು, ಅದಕ್ಕೇ ಪಕ್ಕದ ಕೋಣೆಗೆ ಬಂದು ಬರೆಯುತ್ತಿದ್ದೇನೆ.

"ಅಮ್ಮ, ಜೋಳದ ತೆನೆ ಬೇಯಿಸಿದೀಯಾ?" ಅಂತ ಕೇಳುತ್ತಿದ್ದಾಳೆ. ತಟ್ಟೆಯಲ್ಲೇ ಇದೆಯಲ್ಲೇ, ತಿಂತಾ ಇದೀಯ, ಅಂದಳು ವೇಡಾ.

ತಟ್ಟೆ ಸರಿಸಿದ ಸದ್ದು.

"ಅಮ್ಮ, ತೆನೆ ಬೇಯಿಸಿದೀಯಾ?"

ವೇಡಾ ನನ್ನ ಹೆಸರು ಕೂಗುತ್ತಿದ್ದಾಳೆ. ಕುರ್ಚಿ ಬಿದ್ದ ಸದ್ದು. ಟ್ರಕ್ಕಿನ ಕೀ, ಕೀ ಎಲ್ಲಿ, ಇಲ್ಲೇ ಈ ಮೇಜಿನ