ಗವಾಕ್ಷಿ ಮುಚ್ಚಿದ್ದಕ್ಕೆ ಹತ್ತಕ್ಕೆ ಹತ್ತು

ಹಸಿರು ಅಡುಗೆಮನೆ ಯೋಜನೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿ ನಮ್ಮ ಅಡುಗೆಮನೆಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟ ಮೇಲಿನ ಮೂರನೇ ಭಾನುವಾರ, ಅದೇ ಅಡುಗೆಮನೆಯಲ್ಲಿ ನನ್ನ ಅತ್ತೆ ಸಾಯುವುದರಲ್ಲಿದ್ದರು. ಅಂಕ ಬಂದದ್ದೂ ಅವರು ಪ್ರಜ್ಞೆ ತಪ್ಪಿದ್ದೂ ಒಂದೇ ಕಾರಣಕ್ಕೆ. ಗೋಡೆಯ ಮೇಲ್ಭಾಗದಲ್ಲಿದ್ದ ಗವಾಕ್ಷಿಯನ್ನು ನಿಮ್ಮ ಸೂಚನೆಯಂತೆ, ನೀವೇ ಕೊಟ್ಟ ಫೋಮ್ ಹಲಗೆಯಿಂದ, ನಾನು ಗಾಳಿಯಾಡದ ಹಾಗೆ ಮುಚ್ಚಿದ್ದೆ. ಅತ್ತೆ ಈಗ ಚೇತರಿಸಿಕೊಂಡಿದ್ದಾರೆ. ಈ ಪತ್ರ ಅವರಿಗಾಗಿ ಅಲ್ಲ. ನಮ್ಮ ಕಟ್ಟಡವೊಂದರಲ್ಲೇ ಅಂಥ ಇನ್ನೂ ಹನ್ನೆರಡು ಅಡುಗೆಮನೆಗಳಿವೆ, ಇವತ್ತಿಗೂ ಮುಚ್ಚಿಕೊಂಡೇ ಇವೆ. ಮುಚ್ಚಿಸಿದವಳು ನಾನು. ಕಚೇರಿಗೆ ಬರೆದ ಎರಡು ಪತ್ರಗಳಿಗೂ ಉತ್ತರ ಬರಲಿಲ್ಲವಾದ್ದರಿಂದ, ಮತ್ತು ನನಗೆ ಭಯವಾಗುತ್ತಿರುವುದರಿಂದ, ಹೀಗೆ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ.

ನಾನು ನಿಮ್ಮ ಯೋಜನೆಯ ವಿರೋಧಿಯಲ್ಲ. ಅದನ್ನು ನಂಬಿದವರಲ್ಲಿ ನಾನೇ ಮೊದಲಿಗಳಿರಬೇಕು. ನಾನು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಕರಗುತ್ತಿರುವ ಹಿಮದ ಬಗ್ಗೆ ಮಕ್ಕಳಿಗೆ ಪಾಠ ಮಾಡಿ ಮನೆಗೆ ಬಂದು, ಪ್ಲಾಸ್ಟಿಕ್ ಕವರಿನಿಂದ ಸೊಪ್ಪು ತೆಗೆಯುವಾಗ ಒಂಥರಾ ನಾಚಿಕೆಯಾಗುತ್ತಿತ್ತು. ಆದ್ದರಿಂದ ನಿಮ್ಮವರು ನಮ್ಮ ಕಟ್ಟಡಕ್ಕೆ ಒಬ್ಬ ‘ಹಸಿರು ಗೆಳತಿ’ ಬೇಕು ಎಂದಾಗ ನಾನೇ ಕೈ ಎತ್ತಿದೆ. ಪ್ಲಾಸ್ಟಿಕ್ ಡಬ್ಬಿಗಳು ಹೋಗಿ ಸ್ಟೀಲಿನವು ಬಂದವು. ಕಾಳನ್ನು ಮೊದಲೇ ನೆನೆಹಾಕಿ, ಪಾತ್ರೆಗೆ ಮುಚ್ಚಳ ಮುಚ್ಚಿ ಬೇಯಿಸುವುದು ಅಭ್ಯಾಸವಾಯಿತು. ತರಕಾರಿ ತೊಳೆದ ನೀರು ಬಾಲ್ಕನಿಯ ಕುಂಡಗಳಿಗೆ ಹೋಯಿತು, ಸಿಪ್ಪೆ ಗೊಬ್ಬರದ ಡಬ್ಬಕ್ಕೆ. ಇದನ್ನೆಲ್ಲ ಅತ್ತೆ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು.

“ನಾನು ನಲವತ್ತು ವರ್ಷ ಸಿಪ್ಪೆ ಗಿಡಕ್ಕೆ ಹಾಕಿದೆ. ಎಲ್ಲರೂ ಸೇರಿ ನನ್ನ ಜಿಪುಣಿ ಅಂದ್ರಿ,” ಎಂದರು ಒಂದು ದಿನ. “ನಿನಗೆ ಅದಕ್ಕೆ ಸರ್ಟಿಫಿಕೇಟ್ ಕೊಡ್ತಾರಂತಲ್ಲ. ಅದರ ಹಿಂದೆ ನನ್ನ ಹೆಸರೂ ಒಂದು ಮೂಲೇಲಿ ಬರೆಸು.”

ನಿಮ್ಮ ಅಂಕಪಟ್ಟಿಯ ಏಳನೇ ಅಂಶ ಗಾಳಿಯ ಸೋರಿಕೆಗೆ ಸಂಬಂಧಿಸಿದ್ದು. ಮನೆಯ ತಂಪು ಹೊರಹೋದರೆ ವಿದ್ಯುತ್ ವ್ಯರ್ಥ, ಆದ್ದರಿಂದ ‘ಅನಗತ್ಯ ತೆರಪು’ಗಳನ್ನು ಮುಚ್ಚಬೇಕು. ಹತ್ತು ಅಂಕ. ನಮ್ಮ ಕಟ್ಟಡದ ಅಡುಗೆಮನೆಗಳಿಗೆ ತೆರೆಯುವ ಕಿಟಕಿಯೇ ಇಲ್ಲ. ಇರುವುದು ಗವಾಕ್ಷಿ ಒಂದೇ. ಸಿಂಕಿನ ಮೇಲೆ ಗ್ಯಾಸ್ ಗೀಸರ್, ಅಲ್ಲಿಂದ ಪಕ್ಕದ ಬಚ್ಚಲಿಗೆ ಪೈಪು. ಇಪ್ಪತ್ತೆರಡು ಮನೆಗಳ ಪೈಕಿ ಹದಿನಾಲ್ಕರಲ್ಲಿ ಇದೇ ವ್ಯವಸ್ಥೆ. ಇಂಥ ಕೋಣೆಯಲ್ಲಿ ಆ ಒಂದು ಕಿಂಡಿ ‘ಅನಗತ್ಯ’ವೇ ಎಂದು ಕೇಳಬೇಕಿದ್ದವಳು ಯಾರು? ಬಿಸಿಗಾಳಿ ಮೇಲೇರುತ್ತದೆ, ಅದರ ಜಾಗಕ್ಕೆ ಹೊಸ ಗಾಳಿ ಬರುತ್ತದೆ ಎಂದು ಇಪ್ಪತ್ತು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಬರೆದು ತೋರಿಸುತ್ತಿರುವವಳು. ಆಕೆ ಕುರ್ಚಿ ಹತ್ತಿ ಗವಾಕ್ಷಿಗೆ ಗೋಂದು ಮೆತ್ತಿದಳು.

“ಮನೆಗೆ ಮೂಗು ಮುಚ್ತಿದ್ದೀಯಲ್ಲೇ,” ಎಂದರು ಅತ್ತೆ. “ಉಸಿರು ಎಲ್ಲಿಂದ ಬಿಡಬೇಕು ಅದು?”

“ಎಲ್ಲಾ ಲೆಕ್ಕ ಹಾಕಿಯೇ ಹೇಳಿರ್ತಾರೆ ಅತ್ತೆ,” ಎಂದೆ. ಹೌದು, ಇದೇ ಮಾತು.

ತಪಾಸಣೆಗೆ ಬಂದ ಹುಡುಗಿ ಒಳ್ಳೆಯವಳು, ಚುರುಕು. ಚೀಲದಿಂದ ತೆಳುಕಾಗದದ ಒಂದು ಪಟ್ಟಿ ತೆಗೆದು ಗವಾಕ್ಷಿಯ ಕೆಳಗೆ ಹಿಡಿದಳು. ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಕಾಗದ ಒಂದಿಷ್ಟೂ ಅಲುಗಲಿಲ್ಲ. “ಸೂಪರ್ ಮೇಡಂ,” ಎಂದು ಪೂರ್ಣ ಅಂಕ ಬರೆದಳು, ಬಾಗಿಲಿಗೆ ನಗುಮುಖದ ಹಸಿರು ಎಲೆಯೊಂದನ್ನು ಅಂಟಿಸಿದಳು. ಮಾನ್ಯರೇ, ಬೆಂಕಿ ಉರಿಯುವ ಕೋಣೆಯಲ್ಲಿ ಒಂದು ಕಾಗದ ಅಲುಗದೆ ನಿಂತರೆ ಸಂತೋಷಪಡುವ ಇಲಾಖೆ ಜಗತ್ತಿನಲ್ಲಿ ಇನ್ನೆಲ್ಲಾದರೂ ಇದೆಯೇ? ಈ ಪ್ರಶ್ನೆಯಲ್ಲಿ ಅರ್ಧ ನನಗೂ ಸೇರಬೇಕು. ಆ ದಿನ ನಾನು ಚಪ್ಪಾಳೆ ತಟ್ಟಿದ್ದೆ.

ಆಮೇಲಿನ ಎರಡು ಭಾನುವಾರವೂ ಅತ್ತೆ ತಲೆನೋವು ಎಂದರು. ಭಾನುವಾರ ನಮ್ಮಲ್ಲಿ ಎಲ್ಲರ ತಲೆಸ್ನಾನ. ಗೀಸರ್ ಒಂದು ಗಂಟೆ ಉರಿಯುತ್ತದೆ. ಕನ್ನಡಕದ ನಂಬರ್ ಬದಲಾಗಿರಬೇಕು ಎಂದೆ. ಮನಸ್ಸಿನೊಳಗೆ ಅಂದುಕೊಂಡದ್ದು ಬೇರೆ: ಸೊಸೆ ಏನು ಮಾಡಿದರೂ ಇವರಿಗೆ ತಲೆನೋವು.

ಮೂರನೇ ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಮಗಳು ಸ್ನಾನಕ್ಕೆ ಹೋಗಿದ್ದಳು. ಅತ್ತೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದರು. ಬಾಗಿಲು ಮುಚ್ಚಿತ್ತು, ಅದು ನಿಮ್ಮ ಎಂಟನೇ ಅಂಶ. ನಾನು ಹಾಲ್‌ನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅತ್ತೆಗೆ ಕೆಲಸ ಮಾಡುವಾಗ ತರಕಾರಿಯನ್ನು ಬೈಯುವ ಅಭ್ಯಾಸ. “ನೋಡೋಕೆ ಗುಂಡಗಿದ್ದೀಯ, ಒಳಗೆ ಮೂರೇ ಕಾಳು, ನಾಚಿಕೆ ಆಗಲ್ವಾ” ಎಂದು ಏನೋ ಹೇಳುತ್ತಿದ್ದದ್ದು ಬಾಗಿಲಾಚೆಯಿಂದ ಕೇಳಿಸುತ್ತಿತ್ತು. ಎರಡೋ ಮೂರೋ ಪತ್ರಿಕೆ ತಿದ್ದಿರಬೇಕು. ಮನೆ ಸದ್ದಿಲ್ಲದಂತಾಗಿದೆ ಅನ್ನಿಸಿತು. ಗೀಸರ್ ಮಾತ್ರ ಬುಸುಗುಡುತ್ತಿತ್ತು.

ಬಾಗಿಲು ತೆರೆದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಮಡಿಲಲ್ಲಿ ಬಟಾಣಿ, ಕೈಯಲ್ಲಿ ಅರ್ಧ ಸುಲಿದ ಒಂದು ಕಾಯಿ. ಕಣ್ಣು ತೆರೆದೇ ಇತ್ತು, ನನ್ನನ್ನು ನೋಡುತ್ತಿರಲಿಲ್ಲ. ಕರೆದೆ. ಇನ್ನೊಮ್ಮೆ ಕರೆದೆ. ಎಲ್ಲಿಂದ ಬಲ ಬಂತೋ ತಿಳಿಯದು, ಕಂಕುಳಿಗೆ ಕೈಹಾಕಿ ಎಳೆದುಕೊಂಡು ಮೆಟ್ಟಿಲಿನವರೆಗೆ ತಂದೆ. ನನ್ನ ಕೂಗು ಕೇಳಿ ಮಗಳು ನಲ್ಲಿ ನಿಲ್ಲಿಸಿ ಹೊರಗೆ ಓಡಿ ಬಂದಳು. ನನ್ನ ತಲೆಯೂ ಗಿರ್ರೆನ್ನುತ್ತಿತ್ತು. ಹಿಂದೆಯೇ ಬಟಾಣಿ ಕಾಳುಗಳು ಹಾಲ್ ತುಂಬ ಉರುಳುತ್ತಿದ್ದವು.

ಆಸ್ಪತ್ರೆಯಲ್ಲಿ ವೈದ್ಯೆ ಬಿ.ಪಿ. ಬಗ್ಗೆ ಕೇಳುವ ಮೊದಲು ಗೀಸರ್ ಎಲ್ಲಿದೆ ಎಂದು ಕೇಳಿದರು. ಆಮೇಲೆ, ಗಾಳಿ ಹೋಗಲು ಏನಿದೆ ಎಂದರು. ನಾನು ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

“ಮುಚ್ಚಿದ್ದು ಯಾಕೆ?”

“ಪರಿಸರಕ್ಕೆ,” ಎಂದೆ.

ಅವರು ನಗಲಿಲ್ಲ. ಗಾಳಿ ಸಾಲದೆ ಉರಿಯುವ ಗ್ಯಾಸು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ತಲೆನೋವು ಬಿಟ್ಟರೆ ಬೇರೆ ಮುನ್ಸೂಚನೆಯೂ ಇರುವುದಿಲ್ಲ ಎಂದು ವಿವರಿಸಿದರು. “ಇನ್ನೊಂದು ಹತ್ತು ನಿಮಿಷ ಬಿಟ್ಟಿದ್ರೆ ನೀವು ನನ್ನ ಹತ್ರ ಬರೋ ಅಗತ್ಯ ಇರ್ತಿರಲಿಲ್ಲ,” ಎಂದರು.

ಅತ್ತೆಯನ್ನು ಮನೆಗೆ ಕರೆತಂದ ಮಾರನೆಯ ದಿನ ನಾನು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಗುಮಾಸ್ತರು ಗಾಬರಿಯಾಗದೆ ಎಲ್ಲವನ್ನೂ ಕೇಳಿಸಿಕೊಂಡರು.

“ಇಂಗ್ಲಿಷ್ ಕೈಪಿಡಿ ಪುಟ ನಲವತ್ತೊಂದು ನೋಡಿ ಮೇಡಂ. ಗ್ಯಾಸ್ ಗೀಸರ್ ಇರೋ ಕಡೆ ಮುಚ್ಚಬಾರದು ಅಂತ ಹಾಕಿದ್ದೀವಲ್ಲ.”

“ಮನೆಮನೆಗೆ ಕೊಟ್ಟ ಕನ್ನಡದ ಕರಪತ್ರದಲ್ಲಿ?”

“ಅದು ಸಂಕ್ಷಿಪ್ತ. ಜಾಗ ಸಾಲಲಿಲ್ಲ.”

ಆ ಕರಪತ್ರ ನನ್ನ ಮುಂದಿದೆ, ಮಾನ್ಯರೇ. ನಗುವ ಎಲೆಯ ಚಿತ್ರಕ್ಕೆ ಅರ್ಧ ಪುಟ ಸಿಕ್ಕಿದೆ. ನಿಮ್ಮ ಸಂದೇಶಕ್ಕೆ ಕಾಲು ಪುಟ. ಜನ ಸಾಯದಿರಲು ಬೇಕಾದ ಒಂದು ಸಾಲಿಗೆ ಮಾತ್ರ ಜಾಗ ಸಾಲಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಪತ್ರ ಬರೆಯುವುದು ಸುಲಭವಾಗಿರುತ್ತಿತ್ತು. ಮನೆಗೆ ಹೋಗಿ ಕೈಪಿಡಿ ಹುಡುಕಿದೆ. ಇಡೀ ಕಟ್ಟಡದಲ್ಲಿ ಅದು ಇದ್ದದ್ದು ನನ್ನ ಹತ್ತಿರ ಮಾತ್ರ. ಚಿಕ್ಕಂದಿನಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು, ಓದಿ ಎಲ್ಲರಿಗೂ ಹೇಳುತ್ತಾಳೆ ಎಂದು ನಿಮ್ಮವರು ನನ್ನ ಕೈಗೆ ಕೊಟ್ಟಿದ್ದರು. ನಲವತ್ತೊಂದನೇ ಪುಟದಲ್ಲಿ, ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಆ ಸಾಲು ಇದೆ. ಅದರ ಪಕ್ಕದಲ್ಲಿ ಪೆನ್ಸಿಲ್ಲಿನ ಒಂದು ಟಿಕ್ ಗುರುತು. ನನ್ನದೇ. ಉತ್ತರಪತ್ರಿಕೆಯ ಅಂಚಿನಲ್ಲಿ ಮೇಲಿನಿಂದ ಕೆಳಗೆ ಗೀಚಿಕೊಂಡು ಹೋಗುವ ಕೈ ಇಲ್ಲಿಯೂ ಗೀಚಿಕೊಂಡು ಹೋಗಿದೆ. ಕಣ್ಣು ಅದರ ಮೇಲೆ ಹಾದಿದೆ, ಕೈ ಸರಿ ಎಂದಿದೆ, ತಲೆಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಆದ್ದರಿಂದ ನಿಮ್ಮನ್ನು ಆರೋಪಿಸುವಾಗ ನನ್ನ ದನಿ ಎಷ್ಟು ಎತ್ತರ ಇರಬೇಕೆಂದು ನನಗೆ ಗೊತ್ತಾಗುತ್ತಿಲ್ಲ. ಒಂದು ಮಾತಂತೂ ನಿಜ. ನಾನೊಬ್ಬಳು ಕಣ್ಣುತಪ್ಪಿದರೆ ಹದಿನಾಲ್ಕು ಮನೆಗಳಿಗೆ ಅಪಾಯ ಎನ್ನುವಂತೆ ಈ ಯೋಜನೆಯನ್ನು ಕಟ್ಟಿದವಳು ನಾನಲ್ಲ.

ಗವಾಕ್ಷಿಯ ಹಲಗೆಯನ್ನು ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ ದಿನವೇ ಕಿತ್ತುಹಾಕಿದ್ದೆ. ಕೆಳಗಿನ ಮನೆಯ ಎಲೆಕ್ಟ್ರಿಷಿಯನ್ ಅಣ್ಣ ನನ್ನ ಮಾತು ಮುಗಿಯುವ ಮೊದಲೇ ತನ್ನ ಮನೆಯದನ್ನೂ ಕಿತ್ತ. ಅಲ್ಲಿಗೆ ನಿಂತಿತು. ಏಕೆಂದರೆ ಕಟ್ಟಡದ ಇಪ್ಪತ್ತೆರಡು ಮನೆಗಳಲ್ಲಿ ಇಪ್ಪತ್ತರ ಬಾಗಿಲಿಗಾದರೂ ಎಲೆ ಇದ್ದರೆ ಛಾವಣಿಯ ಮೇಲೆ ಸೌರ ಹೀಟರ್ ಹಾಕಿಸಿಕೊಡುತ್ತೇವೆ ಎಂದಿದ್ದೀರಿ. ಈ ತಿಂಗಳು ಯಾವ ದಿನ ಬೇಕಾದರೂ ಮರುತಪಾಸಣೆ, ಗವಾಕ್ಷಿ ತೆರೆದಿದ್ದರೆ ಎಲೆ ವಾಪಸ್ ಎಂದಿದ್ದೀರಿ. ಒಮ್ಮೆ ಕಿತ್ತರೆ ಮುರಿದುಹೋಗುವ ಹಲಗೆ ಕೊಟ್ಟಿದ್ದೀರಿ. ಎರಡು ಎಲೆ ಈಗಾಗಲೇ ಉದುರಿವೆ. ಇನ್ನೊಂದು ಉದುರಿದರೆ ಹೀಟರ್ ಇಲ್ಲ. ಸೌರ ಹೀಟರ್ ಬಂದರೆ ಗ್ಯಾಸ್ ಗೀಸರ್ ಬೇಕಾಗುವುದಿಲ್ಲ, ಅಪಾಯವೂ ಇರುವುದಿಲ್ಲ. ಅಂದರೆ ಜೀವ ಉಳಿಸುವ ವಸ್ತು ಬರುವವರೆಗೆ ಜೀವ ಪಣಕ್ಕಿಟ್ಟು ಕಾಯಬೇಕು. ಇದನ್ನು ಯೋಚಿಸಿದವರಿಗೆ ನೀವು ಎಷ್ಟು ಅಂಕ ಕೊಟ್ಟಿರಿ?

ಮೂರನೇ ಮಹಡಿಯಲ್ಲಿ ಟೈಲರ್ ಅಕ್ಕ ಇದ್ದಾರೆ. ಎಂಟು ತಿಂಗಳ ಗರ್ಭಿಣಿ ಮಗಳು ಹೆರಿಗೆಗೆಂದು ಬಂದಿದ್ದಾಳೆ. ನಾನು ಹೋಗಿ ಕೈಮುಗಿದೆ.

“ನೀವೇ ಓದಿ ಹೇಳಿದ್ರಿ, ಮುಚ್ಚಿ ಅಂತ,” ಎಂದರು, ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ. “ಈಗ ನೀವೇ ತೆಗೀರಿ ಅಂತೀರಿ. ನಾನು ಯಾವ ಟೀಚರನ್ನ ನಂಬಲಿ?”

“ಎರಡನೆಯವಳನ್ನ ನಂಬಿ ಅಕ್ಕ.”

“ನಿಮ್ಮತ್ತೆಗೆ ಎಪ್ಪತ್ತಾರು ವರ್ಷ. ತಲೆ ಸುತ್ತೋದು ಇದ್ದದ್ದೇ. ನಾನು ತೆಗೆದು ಹೀಟರ್ ತಪ್ಪಿದ್ರೆ ಹತ್ತೊಂಬತ್ತು ಮನೆಯವರು ನನ್ನ ಹರಿದು ಹೊಲಿದುಬಿಡ್ತಾರೆ. ಆಫೀಸಿನಿಂದ ಒಂದು ಕಾಗದ ತಗೊಂಡು ಬನ್ನಿ, ಸೀಲ್ ಇರೋದು. ಈಗಲೇ ತೆಗೀತೀನಿ.”

ಒಳಗಿನಿಂದ ಮಗಳು ಕೂಗಿದಳು: “ಅಮ್ಮಾ, ಒಂದು ತಲೆನೋವಿನ ಮಾತ್ರೆ ಇದ್ರೆ ಕೊಡು.”

ಮಾನ್ಯರೇ, ಆ ಕೂಗು ಕೇಳಿದಂದಿನಿಂದ ನನ್ನ ಬೆಳಗು ಏಳು ಗಂಟೆಗೆ ಶುರುವಾಗಿ ಏಳಕ್ಕೇ ನಿಲ್ಲುತ್ತದೆ. ಏಳಕ್ಕೆ ನಮ್ಮ ಮೇಲಿರುವ ಅಕ್ಕನ ಮನೆಯ ಗೀಸರ್ ಹೊತ್ತಿಕೊಂಡ ಸದ್ದು ಪೈಪಿನ ಮೂಲಕ ಇಳಿದು ಬರುತ್ತದೆ. ನಾನು ಗಡಿಯಾರ ನೋಡುತ್ತೇನೆ. ಐದು ನಿಮಿಷ ಕಾದು ಮೆಟ್ಟಿಲು ಹತ್ತಿ ಬೆಲ್ ಒತ್ತುತ್ತೇನೆ. ಮೊದಲ ದಿನ ನೀಲಿ ದಾರ ಕೇಳಿದೆ, ಮರುದಿನ ಸೂಜಿ, ಆಮೇಲೆ ನನ್ನ ಮಗಳ ಲಂಗದ ಅಳತೆ, ಒಂದು ಲೋಟ ಹಾಲು. ನಿಮ್ಮ ಮಗಳು ಎಲ್ಲಿ ಎಂದು ಕೇಳುತ್ತೇನೆ. ಅವಳ ದನಿ ಕೇಳಿದ ಮೇಲೆ ಇಳಿದು ಬರುತ್ತೇನೆ. ಬಾಗಿಲು ತೆರೆದಷ್ಟು ಹೊತ್ತು ಒಂದಿಷ್ಟು ಗಾಳಿ ಒಳಗೆ ಹೋಗಲಿ ಎಂದು ಹೊಸ್ತಿಲಲ್ಲೇ ನಿಂತು ಮಾತು ಬೆಳೆಸುತ್ತೇನೆ. ಉಳಿದ ಹನ್ನೊಂದು ಮನೆಗಳಿಗೆ ಅಷ್ಟನ್ನೂ ಮಾಡಲು ಆಗುತ್ತಿಲ್ಲ. ಅತ್ತೆ ಹಾಸಿಗೆಯಲ್ಲೇ ಕೂತು ಮೇಲಿನ ಸದ್ದಿಗೆ ಕಿವಿಕೊಡುತ್ತಾರೆ. “ಹೊತ್ಕೊಂತು, ಹೋಗು” ಎನ್ನುತ್ತಾರೆ.

ನಾನು ಕೇಳುವುದು ಒಂದು ಕಾಗದ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ನಿಮ್ಮ ಸಹಿ ಮತ್ತು ಸೀಲಿನೊಂದಿಗೆ: ಅಡುಗೆಮನೆಯಲ್ಲಿ ಗ್ಯಾಸ್ ಗೀಸರ್ ಇರುವವರು ಗವಾಕ್ಷಿಯನ್ನು ಇಂದೇ ತೆರೆಯಬೇಕು, ತೆರೆದವರ ಎಲೆ ಹೋಗುವುದಿಲ್ಲ. ಅದನ್ನು ನೀವು ಹಲಗೆ ಹಂಚಿದ ಪ್ರತಿ ಕಟ್ಟಡದ ಮೆಟ್ಟಿಲಿಗೂ ಅಂಟಿಸಿ. ತೆಳುಕಾಗದ ಹಿಡಿದು ಬಂದ ಆ ಹುಡುಗಿಯನ್ನೇ ಮತ್ತೆ ಕಳಿಸಿ. ಈ ಬಾರಿ ಕಾಗದ ಅಲುಗಿದರೆ ಅಂಕ ಕೊಡಲಿ. ಯಾರ ತಪ್ಪು ಎಷ್ಟು ಎಂಬ ವಿಚಾರಣೆಯನ್ನು ಆಮೇಲೆ ಇಟ್ಟುಕೊಳ್ಳಿ. ನಾನು ಕೈಪಿಡಿಯನ್ನೂ ಪೆನ್ಸಿಲ್ ಗುರುತನ್ನೂ ತಂದು ನಿಮ್ಮ ಮುಂದಿಡುತ್ತೇನೆ.

ನಾಳೆ ಬೆಳಿಗ್ಗೆ ಇಕ್ಕಳ ಕೇಳಬೇಕೆಂದಿದ್ದೇನೆ. ನಾಡಿದ್ದು ಏನು ಕೇಳುವುದೋ ಇನ್ನೂ ಹೊಳೆದಿಲ್ಲ. ದಯವಿಟ್ಟು ಅಷ್ಟರೊಳಗೆ ಬರೆಯಿರಿ.

ಇಂತಿ,
ಓದದೆ ಟಿಕ್ ಹಾಕಿದ,
ಈಗ ಎಲೆಯಿಲ್ಲದ ಬಾಗಿಲಿನ,
ಎರಡನೇ ಮಹಡಿಯ ಟೀಚರ್