ಅಪ್ಪನ ಮೂಗಿನ ಗಾಯ, ಅಮ್ಮನ ಹಟ

ಆಸ್ಪತ್ರೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನೀವು ನನ್ನ ಅಪ್ಪನಿಗೆ ಉಸಿರು ಕೊಟ್ಟಿರಿ, ಮೂಗಿನ ತೊಗಲು ಕಿತ್ತುಕೊಂಡಿರಿ. ಕೊಟ್ಟ ಕೈಗೆ ನಮಸ್ಕಾರ. ಕಿತ್ತ ಮಾಸ್ಕಿನ ಪಟ್ಟಿಗೆ ಯಾರು ಜವಾಬ್ದಾರ? ಪ್ರಾಸ ಕಂಡು ಇವನಿಗೆ ತಮಾಷೆಯೆಂದು ತಿಳಿಯಬೇಡಿ. ಕೆಲವರು ಸಿಟ್ಟು ಬಂದರೆ ಬಯ್ಯುತ್ತಾರೆ, ನನಗೆ ಪ್ರಾಸ ಬರುತ್ತದೆ.

ಕಳೆದ ಮಳೆಗಾಲದಲ್ಲಿ ಅಪ್ಪ ಪಾಸ್ಕಲರನ್ನು ಉಬ್ಬಸ ಹೆಚ್ಚಾಗಿ ಉದ್ಯಾವರದಿಂದ ನಿಮ್ಮಲ್ಲಿಗೆ ತಂದೆವು. ಕಪ್ಪು ರಬ್ಬರಿನ ಮಾಸ್ಕನ್ನು ಮೂಗುಬಾಯಿಗೆ ಒತ್ತಿ, ತಲೆಯ ಹಿಂದೆ ಪಟ್ಟಿ ಬಿಗಿದರು. ಅದಕ್ಕೆ ಮೊದಲು ಕಟ್ಟಿಸಿದ ಹಲ್ಲು ತೆಗೆಸಿದರು. ಸರಿಯೇ, ಗಂಟಲಿಗೆ ಇಳಿಯಬಾರದಲ್ಲ. ಆದರೆ ಹಲ್ಲಿಲ್ಲದ ಕೆನ್ನೆ ಒಳಗೆ ಕುಸಿಯಿತು, ಮಾಸ್ಕಿನ ಅಂಚಿನಲ್ಲಿ ಗಾಳಿ ಸೋರಿತು. ಸೋರಿದಾಗಲೆಲ್ಲ ಮದ್ದು ಒಂದೇ: ಪಟ್ಟಿ ಇನ್ನೊಂದು ತೂತು ಬಿಗಿ. ಅಪ್ಪ ಮತ್ತೆ ಮತ್ತೆ ಮೂಗು ಮುಟ್ಟಿ ಸನ್ನೆ ಮಾಡಿದರು. ಆ ಕೈಗಳನ್ನು ಮಂಚಕ್ಕೆ ಕಟ್ಟಲಾಯಿತು. ಮಾಸ್ಕಿನ ಅಡಿಗೆ ಸ್ವಲ್ಪ ಹತ್ತಿಯಾದರೂ ಇಡಿ ಎಂದು ನಾನು ಕೇಳಿದಾಗ ನರ್ಸ್ ಹೇಳಿದ್ದಿಷ್ಟೇ: "ನಿಮಗೆ ಉಸಿರು ಬೇಕಾ, ಮೂಗು ಬೇಕಾ?"

ಆಕೆಯನ್ನು ದೂರುವುದಿಲ್ಲ. ಇಡೀ ವಾರ್ಡಿಗೆ ಆಕೆ ಒಬ್ಬಳು, ಎಲ್ಲ ಮುಖಕ್ಕೂ ಮಾಸ್ಕಿನ ಅಳತೆ ಒಂದು. ಚಪ್ಪಲಿ ಅಂಗಡಿಯವನೂ ಕಾಲು ನೋಡಿ ಜೋಡು ಕೊಡುತ್ತಾನೆ. ನಿಮ್ಮಲ್ಲಿ ಮುಖ ನೋಡಿ ಕೊಡುವವರು ಯಾರೂ ಇಲ್ಲವೇ? ಕೊನೆಗೆ ಅಪ್ಪ ತೀರಿಕೊಂಡು ಮಾಸ್ಕ್ ತೆಗೆದಾಗ ಮೂಗಿನ ದಿಂಡು ಕಪ್ಪಾಗಿತ್ತು, ನಡುವೆ ಮೂಳೆಯ ಬಿಳುಪು ಕಾಣುತ್ತಿತ್ತು. ನಿಮ್ಮ ಕೋಣೆಗೆ ಬಂದೆ. ಜೀವವೇ ಹೋದ ಮೇಲೆ ಚರ್ಮದ ಮಾತು ಯಾಕೆ ಎಂದಿರಿ.

ಯಾಕೆಂದು ಹೇಳುತ್ತೇನೆ. ನಮ್ಮಲ್ಲಿ ಶವಪೆಟ್ಟಿಗೆ ಮುಚ್ಚುವ ಮೊದಲು ಸುತ್ತ ನಿಂತು ಫೋಟೋ ತೆಗೆಸುವ ಪದ್ಧತಿ ಉಂಟು. ಗಲ್ಫಿನಲ್ಲಿರುವ ಮಕ್ಕಳಿಗೆ ಅದೇ ಕೊನೆಯ ದರ್ಶನ. ಕಾಪುವಿನ ಸ್ಟುಡಿಯೋದ ಅಲೆಕ್ಸ್ ನನ್ನನ್ನು ಬದಿಗೆ ಕರೆದ. "ನೆಗೆಟಿವಿನ ಮೇಲೆ ಸ್ವಲ್ಪ ಪೆನ್ಸಿಲ್ ಆಡಿಸಿದರೆ ಗಾಯ ಕಾಣುವುದಿಲ್ಲ ಮಾರಾಯ್ರೆ. ಮಾಡಲಾ?" ಅಮ್ಮ ಒಪ್ಪಲಿಲ್ಲ. ಮಗ ಅಪ್ಪನ ಮುಖ ನೋಡಲಿ, ಅಲೆಕ್ಸನ ಚಿತ್ರ ಬೇಡ ಎಂದರು. ಫೋಟೋ ಹಾಗೆಯೇ ಕುವೈತಿನಲ್ಲಿದ್ದ ತಮ್ಮನಿಗೆ ಹೋಯಿತು.

ಈ ಮೇ ತಿಂಗಳಲ್ಲಿ ರಜೆಗೆ ಬಂದ ತಮ್ಮ ರೇಮಂಡ್ ಕೈಯ ಸೂಟ್‌ಕೇಸ್ ಇಳಿಸುವ ಮೊದಲೇ ಕೇಳಿದ: "ಅಪ್ಪನಿಗೆ ಹೊಡೆದದ್ದು ಯಾರು?"

ಮಾಸ್ಕಿನ ಗಾಯ ಎಂದೆ.

"ಗಾಳಿ ಕೊಡುವ ಮಾಸ್ಕಾ? ಎಂತ ಕತೆ ಹೇಳ್ತಿ ಮಾರಾಯ?"

ಅವನ ತಪ್ಪೇನು? ಕಣ್ಣಾರೆ ಕಾಣದೆ ಯಾರು ನಂಬುತ್ತಾರೆ? ನಂಬಿಸಲು ಎಲ್ಲವನ್ನೂ ಹೇಳಬೇಕಾಯಿತು: ಪಟ್ಟಿ, ತೂತು, ಮಂಚಕ್ಕೆ ಕಟ್ಟಿದ ಕೈ. ತಮ್ಮ ನಂಬಿದ. ಆದರೆ ಕಾಲುನೋವಿನಿಂದ ಅಂದು ಆಸ್ಪತ್ರೆಗೆ ಬಾರದಿದ್ದ, ಗಾಯ ಕಂಡಿದ್ದರೂ ಅದು ಆದ ಬಗೆ ಅದುವರೆಗೆ ತಿಳಿಯದಿದ್ದ ಅಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದರು.

ಮಾನ್ಯರೇ, ಈಗ ಅಮ್ಮ ಝೀಟಾಗೂ ಅದೇ ಉಬ್ಬಸ. ಮಲಗಲಾಗದು, ಕುಳಿತೇ ಇರುತ್ತಾರೆ, ತುಟಿ ನೀಲಿಯಾಗುತ್ತಿದೆ. ನಿಮ್ಮಲ್ಲಿಗೆ ಕರೆತರದೆ ಬೇರೆ ದಾರಿಯಿಲ್ಲವೆಂದು ಊರಿನ ಡಾಕ್ಟರರು ಹೇಳಿದ್ದಾರೆ. ನಿನ್ನೆ ಟ್ಯಾಕ್ಸಿ ಅಂಗಳಕ್ಕೆ ಬಂತು. ಅಮ್ಮ ಎರಡೂ ಕೈಯಲ್ಲಿ ಕಿಟಕಿಯ ಸರಳು ಹಿಡಿದುಕೊಂಡರು. ಉಸಿರು ಕೂಡಿದಷ್ಟು ಹೇಳಿದರು: "ಅಲ್ಲಿ ಕೈ ಕಟ್ಟುತ್ತಾರೆ, ಸಿರಿಲ್. ಪೆಟ್ಟಿಗೆಯಲ್ಲಿ ನನಗೆ ಮುಖ ಇರಲಿ." ಆ ಕೈಗಳನ್ನು ಬಲವಂತವಾಗಿ ಬಿಡಿಸಿದರೆ ನಮಗೂ ನಿಮಗೂ ವ್ಯತ್ಯಾಸವೇನು? ಟ್ಯಾಕ್ಸಿ ಖಾಲಿಯಾಗಿ ಹಿಂದೆ ಹೋಯಿತು.

ನನ್ನ ಬೇಡಿಕೆ ಆಕಾಶದ ಚಂದ್ರನಲ್ಲ. ಮಾಸ್ಕಿನ ಅಡಿಗೆ ಹತ್ತಿ ಇಡಿ. ಆಗಾಗ ಸಡಿಲಿಸಿ ಚರ್ಮ ನೋಡಿ. ಮುಖಕ್ಕೊಪ್ಪುವ ಅಳತೆ ತರಿಸಿ. ನೋವೆಂದು ತೋರಿಸುವ ಕೈಯನ್ನು ಕಟ್ಟಬೇಡಿ. ಇಷ್ಟನ್ನು ನೀವೇ ಬಂದು ಅಮ್ಮನ ಮುಂದೆ ಹೇಳಬೇಕು. ನನ್ನ ಮಾತನ್ನು ಅವರು ನಂಬುವುದಿಲ್ಲ. ನಿಮ್ಮ ಕಾರಿಗೆ ಉದ್ಯಾವರ ದೂರವಲ್ಲ. ಇದನ್ನು ಓದಿದ ದಿನವೇ ಬನ್ನಿ. ಅಮ್ಮ ಕಿಟಕಿಯ ಬಳಿಯೇ ಇದ್ದಾರೆ.

ತಡವಾದರೆ ನೀವು ಬರಬೇಕಾಗಿಲ್ಲ. ಅಲೆಕ್ಸ್ ಬರುತ್ತಾನೆ.

ಇಂತಿ,
ಉಸಿರನ್ನೂ ಮೂಗನ್ನೂ ಒಟ್ಟಿಗೆ ಕೇಳುವ ದುರಾಸೆಯ
ಸಿರಿಲ್, ಉದ್ಯಾವರ